ಹುಲಿಪಟ್ಟೆಯ ಮಾವಿನ ಹಲಗೆ

ಕಟ್ಟಿಗೆಗೆ ಮನುಷ್ಯರ ಗುರುತು ಸಿಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ, ಅವರ ಬಾಯಿ ಮುಚ್ಚಿಸಲು ನನಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಎಲೆಕ್ಟ್ರಿಕ್ ಗಿಟಾರಿನ ವಿಷಯದಲ್ಲಂತೂ ನನ್ನ ವಾದ ಗಟ್ಟಿಯಾಗಿತ್ತು. ಶಬ್ದ ಹುಟ್ಟುವುದು ತಂತಿಯಲ್ಲಿ, ಅದನ್ನು ಹಿಡಿಯುವುದು ತಂತಿಯ ಕೆಳಗಿನ ಅಯಸ್ಕಾಂತ. ಕಟ್ಟಿಗೆ ಬರೀ ಚಂದಕ್ಕೆ.

ಹಾಗಿದ್ದ ಮೇಲೆ ಒಂದು ಹಲಗೆಗಾಗಿ ಅಷ್ಟು ಹಟ ಮಾಡಿದ್ದೇಕೆ ಎಂದು ನೀವು ಕೇಳಬಹುದು. ವೀರೇಶ ಅದನ್ನು ಮೊದಲು ನೋಡಿದ, ಅದಕ್ಕೆ.

ವೀರೇಶ ಕುರುಗೋಡಿನವನು, ನಮ್ಮ ಸೋದರತ್ತೆಯ ಮಗ. ಇಬ್ಬರೂ ಒಟ್ಟಿಗೇ ಗಿಟಾರ್ ಹಿಡಿದವರು. ನಾನು ದಿನಾ ಬೆರಳು ಸವೆಸಿ ಕಲಿತದ್ದನ್ನು ಅವನು ಒಮ್ಮೆ ಕೇಳಿ ನುಡಿಸಿಬಿಡುತ್ತಿದ್ದ. ನಮ್ಮವ್ವನೇ ಅವನಿಗೆ, "ಇನ್ನೊಂದು ನುಡಸಪ್ಪಾ" ಅನ್ನುತ್ತಿದ್ದಳು. ನನಗೆ ಹಾಗೆ ಅಂದದ್ದಿಲ್ಲ.

ಬಳ್ಳಾರಿಯಲ್ಲಿ ಗಿಟಾರ್ ಮಾಡಿಕೊಡುವ ಪಂಪಣ್ಣನ ಹತ್ತಿರ ಇಬ್ಬರೂ ಒಂದೊಂದು ಹೇಳಿಟ್ಟಿದ್ದೆವು. ಅವರು ಹಲಗೆಗಳನ್ನು ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಹೊಟ್ಟಿನ ಒಲೆಯಲ್ಲಿ ಹದವಾಗಿ ಹುರಿಯುತ್ತಿದ್ದರು. ಹುರಿದ ಕಟ್ಟಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ಮಳೆಗೂ ಬಿಸಿಲಿಗೂ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಆರಿಸಿಕೊಳ್ಳಲು ಒಂದು ಮಧ್ಯಾಹ್ನ ನಮ್ಮನ್ನು ಅಲ್ಲಿಗೇ ಕರೆದರು. ಇದ್ದವುಗಳಲ್ಲಿ ಒಂದು ಮಾವಿನ ಹಲಗೆ. ಮೈತುಂಬ ಹುಲಿಪಟ್ಟೆಯಂಥ ಅಲೆಗಳು. ಬೆಳಕಿಗೆ ಓರೆ ಮಾಡಿದರೆ ಸರಿದಾಡುತ್ತಿದ್ದವು.

ಪಂಪಣ್ಣನದೊಂದು ಪದ್ಧತಿಯಿತ್ತು. ಹಲಗೆಯನ್ನು ತಟ್ಟಬೇಕು, ಯಾರ ಕೈಗೆ ನಾದ ಕೊಡುತ್ತದೋ ಅದು ಅವರದು. ವೀರೇಶ ತಟ್ಟಿದ. ಗಂಟೆಯ ಹಾಗೆ ನಾದ ಎದ್ದು, ಬಹಳ ಹೊತ್ತು ನಿಂತಿತು. ಅದೇ ಜಾಗದಲ್ಲಿ ನಾನು ತಟ್ಟಿದೆ. ಭತ್ತದ ಚೀಲಕ್ಕೆ ಗುದ್ದಿದಂತೆ ಡಬ್ ಎಂದಿತು.

"ನಿನ್ನ ಕೂಡ ವಾದ ಯಾಕ ಬೇಕಂತ ಸುಮ್ಕಾಗೈತಿ ಲೇ," ವೀರೇಶ ನಕ್ಕ.

"ನೀ ಹಲಗಿ ಹಿಡಕೊಂಡ ರೀತಿ ಬ್ಯಾರೆ ಇತ್ತು," ಎಂದೆ.

ಹಲಗೆಯನ್ನು ದಾರದಲ್ಲಿ ತೂಗುಹಾಕಿಸಿದೆ. ಬರಿಗೈ ಬೇಡವೆಂದು ಇಬ್ಬರಿಗೂ ಒಂದೇ ಕೊಡತಿ, ಮರದ ಸುತ್ತಿಗೆ. ಪಂಪಣ್ಣ ಅತ್ತ ಮುಖ ಮಾಡಿ ನಿಲ್ಲಬೇಕು, ನಾವು ಸರದಿ ಅದಲುಬದಲು ಮಾಡಿ ಹೊಡೆಯಬೇಕು. ಮೊಬೈಲನ್ನು ರೆಕಾರ್ಡಿಂಗಿಗೆ ಹಚ್ಚಿ ಚೀಲದ ಮೇಲಿಟ್ಟೆ. ಅವತ್ತು ಗಿರಣಿ ನಿಂತಿತ್ತು, ಬೇರೆ ಸದ್ದಿಲ್ಲ. "ಇದು ವೀರೇಶಂದು. ಇದು ನಿಂದು. ಇದೂ ನಿಂದೇ." ಒಂದು ಸಲವೂ ಪಂಪಣ್ಣ ತಪ್ಪಲಿಲ್ಲ. ಕೊನೆಗೆ ಇತ್ತ ತಿರುಗಿ ನಮ್ಮ ಕೈಯಿಂದ ಕೊಡತಿ ಕಸಿದುಕೊಂಡರು.

"ಕೈ ನೋಡಿ ನಾದ ಕೊಡತೈತಿ ಅನ್ನೋದು, ಹಲಗಿ ಮಾರಾಕ ಹೇಳೋ ಮಾತಪ್ಪ ಅದು," ಎಂದರು. "ಖರೇ ಅಂತ ನಾನ್ ಯಾವತ್ತೂ ತಿಳ್ಕೊಂಡಿಲ್ಲ."

ನಾನು ಬಿಡಲಿಲ್ಲ. "ಕಟ್ಟಿಗಿಗೂ ಶಬ್ದಕ್ಕೂ ಸಂಬಂಧನ ಇಲ್ಲ ಅಂದಮ್ಯಾಲೆ ಯಾರು ಒಯ್ದರೇನು? ಇದನ್ನ ನಾ ಒಯ್ತೀನಿ."

"ಸಂಬಂಧ ಇಲ್ಲಂದ್ರ ನೀ ಬ್ಯಾರೆದ್ದು ತಗೋಬೌದಲ್ಲ?" ವೀರೇಶ ಕೇಳಿದ.

ನಾನು ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನೇ ಅದನ್ನು ದಾರದಿಂದ ಬಿಚ್ಚಿ ನನ್ನ ಕೈಗಿಟ್ಟ. "ಒಯ್ಯಿ ಲೇ. ನನಗಿಂತ ನಿನಗ ಭಾಳ ಬೇಕಾಗೈತಿ."

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ರೆಕಾರ್ಡಿಂಗ್ ಕೇಳಿದೆ. ಅದರಲ್ಲಿ ಎಲ್ಲ ಏಟೂ ಒಂದೇ. ನನ್ನದೂ ಗಂಟೆ, ಅವನದೂ ಗಂಟೆ. ಹಾಗಾದರೆ ಕೆಟ್ಟದ್ದು ನನ್ನ ಕಿವಿ, ಹೊಟ್ಟೆಕಿಚ್ಚು ಕೇಳಿಸಿದ ಸದ್ದು ಅದು ಎಂದು ಒಪ್ಪಲು ನಾನು ತಯಾರಿದ್ದೆ. ಆದರೆ ಬೆನ್ನು ಮಾಡಿ ನಿಂತಿದ್ದ ಪಂಪಣ್ಣನಿಗೆ ನನ್ನ ಮೇಲಾಗಲಿ ವೀರೇಶನ ಮೇಲಾಗಲಿ ಯಾವ ಕಿಚ್ಚು? ಈ ಪ್ರಶ್ನೆಯನ್ನು ಎರಡೂ ಪಕ್ಷದಲ್ಲಿ ನಿಂತು ವಾದಿಸಿ ನೋಡಿದ್ದೇನೆ. ಎರಡರಲ್ಲೂ ಸೋತಿದ್ದೇನೆ.

ಆ ಹಲಗೆಯಿಂದ ಪಂಪಣ್ಣ ಮಾಡಿಕೊಟ್ಟ ಗಿಟಾರ್ ಈಗ ನನ್ನ ಕೋಣೆಯ ಗೋಡೆಯಲ್ಲಿದೆ. ವೈರ್ ಹಚ್ಚಿ ನುಡಿಸಿದರೆ ಎಲ್ಲ ಗಿಟಾರುಗಳಂತೆಯೇ ಇದೆ. ಅಷ್ಟರಮಟ್ಟಿಗೆ ನನ್ನ ವಾದ ಸರಿ. ವೀರೇಶ ಮನೆಗೆ ಬಂದಾಗ ಸುಮ್ಮನೆ ಅದರ ಮೈಮೇಲೊಂದು ಸಲ ತಟ್ಟುತ್ತಾನೆ. ಅಡಿಗೆಮನೆಯಿಂದ ಅವ್ವ, "ವೀರೇಶ ಬಂದನೇನು?" ಎಂದು ಕೇಳುತ್ತಾಳೆ.

ನಾನು ತಟ್ಟಿದರೆ ಇವತ್ತಿಗೂ ಡಬ್. ಮೊಬೈಲ್ ಬದಲಿಸಿದಾಗಲೆಲ್ಲ ಆ ರೆಕಾರ್ಡಿಂಗನ್ನು ಮರೆಯದೆ ಹೊಸದಕ್ಕೆ ಹಾಕಿಕೊಳ್ಳುತ್ತೇನೆ. ನನ್ನ ಕೈಗೆ ಆ ಹಲಗೆ ನಾದ ಕೊಟ್ಟದ್ದನ್ನು ನಾನು ಕೇಳಿರುವುದು ಅದರಲ್ಲಿ ಮಾತ್ರ.