ಬೇಡಪ್ಪನ ಕೊಡತಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಈಗ ಅದು ಅವನ ಹೆಂಡತಿಗೂ ಕೂತು ಯೋಚಿಸಿದರೆ ಮಾತ್ರ ನೆನಪಾಗುತ್ತದೆ. ಬಂದರಿನಲ್ಲಿ ಎಲ್ಲರ ಬಾಯಲ್ಲೂ ಅವನು ಬೇಡಪ್ಪ. ಹಳೆಯ ಮೀನುಗಾರಿಕೆ ಬೋಟು ಕೊಳ್ಳಹೊರಟವರು ಮೊದಲು ಅವನನ್ನು ಕರೆದೊಯ್ಯುತ್ತಿದ್ದರು. ಅವನು ಸೊಂಟದಿಂದ ಪುಟ್ಟ ಮರದ ಕೊಡತಿಯೊಂದನ್ನು ತೆಗೆದು ಬೋಟಿನ ಹಲಗೆಗಳನ್ನು ಒಂದೊಂದಾಗಿ ಬಡಿಯುತ್ತಿದ್ದ. ಗಟ್ಟಿ ಮರ ಟಕ್ಕೆನ್ನಬೇಕು; ಡಬ್ ಎಂದರೆ ಒಳಗೆ ಕೊಳೆತಿದೆ. ಅವನ ಶಾಸ್ತ್ರ ಇಷ್ಟೇ. ಆದರೆ ವರ್ಷಗಟ್ಟಲೆ ಉಪ್ಪುನೀರು ಕುಡಿದ ಬೋಟು ಎಲ್ಲಾದರೂ ಒಂದು ಕಡೆ ಡಬ್ ಎನ್ನದೆ ಇರುತ್ತದೆಯೇ? ಇವನು ಕೊಡತಿ ಒರೆಸಿಕೊಂಡು ತಣ್ಣಗೆ "ಬೇಡಪ್ಪ" ಅನ್ನುತ್ತಿದ್ದ. ಮಾರುವವನ ಮುಖ ಬಾಡುತ್ತಿತ್ತು. ಇವನ ಮುಖ ಮಾತ್ರ ಅರಳುತ್ತಿತ್ತು.

ಅವನದೊಂದು ಕಟ್ಟಪ್ಪಣೆಯೂ ಇತ್ತು. ತಾನು ಬಡಿಯುವಾಗ ಕೊಳ್ಳುವವನು ಬೋಟಿಗೆ ಬೆನ್ನು ಹಾಕಿ ನಿಲ್ಲಬೇಕು. ಹೊಸ ಬಣ್ಣ ಕಣ್ಣಿಗೆ ಬಿದ್ದರೆ ಕಿವಿ ಮುಚ್ಚಿಹೋಗುತ್ತದೆ ಎಂಬುದು ಅವನ ವಾದ. ಹಾಗಾಗಿ ಮೈಕಟ್ಟಿನ ಗಂಡಸರೆಲ್ಲ ತಪ್ಪು ಮಾಡಿದ ಶಾಲೆಯ ಮಕ್ಕಳಂತೆ ಗೋಡೆ ನೋಡುತ್ತ ನಿಲ್ಲುವುದು ಆ ಬಂದರಿನಲ್ಲಿ ಯಾರಿಗೂ ಹೊಸ ನೋಟವಾಗಿರಲಿಲ್ಲ.

ಇಂಥವನಿಗೆ ಇದ್ದದ್ದು ಒಂದೇ ಆಸೆ, ತನ್ನದೂ ಅಂತ ಒಂದು ಬೋಟು. ಪ್ರಾಯದಿಂದ ಹುಡುಕುತ್ತಲೇ ಇದ್ದ. ಎಲ್ಲವನ್ನೂ ಬಡಿದ, ಎಲ್ಲವೂ ಡಬ್ ಎಂದವು. ಬೆಳಗ್ಗೆ ಬಂದರಿನ ಕಟ್ಟೆಯ ಮೇಲೆ ಕೂತು ಬೋಟುಗಳು ಕಡಲಿಗೆ ಇಳಿಯುವುದನ್ನು ನೋಡುತ್ತಿದ್ದ. ಯಾವುದರ ಎಡಬದಿ ಟೊಳ್ಳು, ಯಾವುದರ ಬುಡ ಮೆತ್ತಗೆ ಎಂದು ಅವನಿಗೆ ಬಾಯಿಪಾಠ. ಅವನು ಬೇಡವೆಂದ ಬೋಟುಗಳೇ ಸಂಜೆ ಹೊಟ್ಟೆ ತುಂಬ ಮೀನು ಹೊತ್ತು ಬರುತ್ತಿದ್ದವು. "ಇವತ್ತು ಮುಳುಗಿಲ್ಲ" ಎಂದು ಅವನು ಒಪ್ಪಿಕೊಳ್ಳುತ್ತಿದ್ದ.

"ನಮ್ಮ ಮದುವೆಗೆ ಮುಂಚೆ ಆ ಕೊಡತಿ ನಿಮ್ಮ ಕೈಗೆ ಬಂದಿರ್ಲಿಲ್ಲ, ನನ್ನ ಪುಣ್ಯ" ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಹೆಮ್ಮೆಯೂ ಮುಳ್ಳೂ ಒಟ್ಟಿಗೇ ಇದ್ದವು. ಅವನ ತಮ್ಮ ಹರೆಯದಲ್ಲಿ ಒಂದು ಬೋಟು ಕೊಳ್ಳಹೊರಟಿದ್ದ. ಚೆಂದದ ಬೋಟು. ಆದರೆ ಇಂಜಿನ್ನಿನ ಕೆಳಗೆ ಕೊಡತಿ ಬಿದ್ದಲ್ಲಿ ಡಬ್ ಎಂದಿತ್ತು. ಅಣ್ಣ ಬೇಡವೆಂದ, ತಮ್ಮ ತಲೆ ತಗ್ಗಿಸಿ ಬಸ್ ಗ್ಯಾರೇಜಿಗೆ ಮೆಕ್ಯಾನಿಕ್ ಆಗಿ ಸೇರಿದ. "ನಾನಿಲ್ಲದಿದ್ರೆ ಇವನು ಯಾವತ್ತೋ ಮೀನಿನ ಬಾಯಿಗೆ ಬೀಳ್ತಿದ್ದ" ಎಂದು ಮನೆಮಂದಿ ಸೇರಿದಾಗಲೆಲ್ಲ ಬೇಡಪ್ಪ ಹೇಳುತ್ತಿದ್ದ. ಆದರೆ ಆ ಹಾಳು ಬೋಟು ಮುಳುಗಲಿಲ್ಲ. ಬೇರೆ ಯಾರೋ ಕೊಂಡರು, ಅದರಲ್ಲೇ ಬದುಕು ಕಟ್ಟಿಕೊಂಡರು. ತಮ್ಮ ಮಾತ್ರ ಕೂದಲು ಹಣ್ಣಾಗುವವರೆಗೂ ಬಸ್ಸುಗಳ ಹೊಟ್ಟೆಯಡಿ ಅಂಗಾತ ಮಲಗಿದ. ಅವನ ಉಗುರಿನ ಸಂದಿಯ ಗ್ರೀಸು ಕಂಡಾಗಲೆಲ್ಲ ಅಣ್ಣ ಮಾತು ಬದಲಾಯಿಸುತ್ತಿದ್ದ.

ತಮ್ಮ ನಿವೃತ್ತನಾದ ಮೇಲೆ ಒಂದು ದಿನ ಗಂಡಹೆಂಡಿರಿಬ್ಬರೂ ಬಂದರು.

"ಅಣ್ಣ, ಅದೇ ಬೋಟು ಮತ್ತೆ ಮಾರಾಟಕ್ಕಿದೆ. ಇಂಜಿನ್ ಸತ್ತಿದೆಯಂತೆ" ಎಂದ ತಮ್ಮ.

"ಇವರೇ ಬೇರೆ ಇಂಜಿನ್ ಕೂರಿಸ್ತಾರೆ ಭಾವ. ಮನೇಲಿ ಕೂತು ಕೂತು ನನ್ನ ಮಿಕ್ಸಿ ಬಿಚ್ಚಿ ಹಾಕಿದ್ದಾರೆ. ಬೋಟು ತಗೊಳ್ಳಲಿ, ಕಡಲಿಗಾದ್ರೂ ಹೋಗಲಿ" ಎಂದಳು ಅವನ ಹೆಂಡತಿ.

"ನೀನೊಂದ್ಸಲ ನೋಡಿ ಹೇಳು. ಈ ಸಲ ಇಂಜಿನ್ ಎತ್ತಿಸಿ ಅಡಿಯನ್ನೇ ನೋಡಿಬಿಡು. ಆಮೇಲೆ ಯಾರೂ ಒಂದು ಮಾತು ಆಡಬಾರದು" ಎಂದ ತಮ್ಮ. ಆಗ ಅವನು ಹೆಂಡತಿಯ ಕಡೆ ಯಾಕೆ ನೋಡಿದನೆಂದು ಬೇಡಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ಬೋಟು ರಿಪೇರಿ ಅಂಗಳದಲ್ಲಿ ಮರದ ಊರೆಗೋಲುಗಳ ಮೇಲೆ ನಿಂತಿತ್ತು. ಅದರ ಯಜಮಾನತಿ, ಗಂಡನಿಲ್ಲದ ಮೇಲೂ ಹಟ ಹಿಡಿದು ಬೋಟು ನಡೆಸಿದ ಗಟ್ಟಿಗಿತ್ತಿ, ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತು ಬಲೆ ಹೊಲಿಯುತ್ತಿದ್ದಳು. ತಮ್ಮ ಅವತ್ತು ಒಬ್ಬ ಗಾರುಡಿಗನೇ ಸರಿ. ಮೂರು ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಬೈದು, ಬೇಡಿಕೊಂಡು, ಕೊನೆಗೆ ಇಂಜಿನ್ನನ್ನು ಎತ್ತಿಯೇಬಿಟ್ಟ.

"ಈಗ ಹಾಕೋ ಡೀಸೆಲ್ ಇಂಜಿನ್ ಇದಕ್ಕಿಂತ ಭಾರ, ನಡುಗೋದೂ ಜಾಸ್ತಿ. ಅಡಿಯ ಮರ ತಡೆಯಲ್ಲ ಅಂದ್ರೆ ಮಾತೇ ಇಲ್ಲ" ಎಂದು ಹೇಳಿ, ಕೈ ಒರೆಸಿಕೊಂಡು, ಪದ್ಧತಿಯಂತೆ ಹೋಗಿ ಅಂಗಳದ ಗೋಡೆ ನೋಡುತ್ತ ಬೋಟಿಗೆ ಬೆನ್ನು ಹಾಕಿ ನಿಂತ.

ಬೇಡಪ್ಪ ಹೊರಗಿನಿಂದ ಬಡಿಯುತ್ತ ಬಂದ. ಟಕ್. ಟಕ್. ಇಂಜಿನ್ನಿನ ಜಾಗಕ್ಕೆ ಬಂದಾಗ ಕೊಡತಿಯನ್ನು ಒಮ್ಮೆ ಒರೆಸಿಕೊಂಡ. ಬಡಿದ. ಡಬ್.

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ತನ್ನ ಕಿವಿ ಅಂದೂ ಸುಳ್ಳಾಡಿಲ್ಲ, ಇಂದೂ ಸುಳ್ಳಾಡಿಲ್ಲ! ಆ ಕೊಳೆತ ಮರವನ್ನು ಕಣ್ಣಾರೆ ನೋಡಿ ಕೃತಾರ್ಥನಾಗೋಣವೆಂದು ಟಾರ್ಚು, ಚಾಕು ಹಿಡಿದು ಬೋಟಿನೊಳಗೆ ಇಳಿದು, ಇಂಜಿನ್ ಇದ್ದ ಗುಂಡಿಗೆ ತಲೆ ಹಾಕಿದ. ಗ್ರೀಸು ಕೆರೆದ. ಅದರಡಿ ಡಾಂಬರಿತ್ತು. ಡಾಂಬರು ಕೆರೆದ. ಅದರಡಿ ಸೀಸದ ದಪ್ಪ ಗಟ್ಟಿಗಳನ್ನು ಒತ್ತೊತ್ತಾಗಿ ಕೂರಿಸಿದ್ದರು. ಒಂದನ್ನು ಮೀಟಿ ತೆಗೆದು ಕೆಳಗಿನ ಹಲಗೆಗೆ ಚಾಕು ಚುಚ್ಚಿದ. ತುದಿಯೂ ಇಳಿಯಲಿಲ್ಲ.

"ಯಜಮಾನ್ತಿ, ಈ ಸೀಸ ಯಾವಾಗ ಹಾಕ್ಸಿದ್ರಿ?" ಎಂದು ಒಳಗಿನಿಂದಲೇ ಕೂಗಿದ.

"ನಾವೆಲ್ಲಿ ಹಾಕ್ಸೋದು! ಬೋಟು ಕಟ್ಟಿದೋನೇ ಹಾಕಿದ್ದು, ಓಲಾಡಬಾರದು ಅಂತ. ಅದಕ್ಕೇ ಅಲೆಯಲ್ಲೂ ತೊಟ್ಟಿಲ ಹಾಗೆ ಹೋಗುತ್ತೆ" ಎಂದಳು ಅವಳು ಬಲೆಯಿಂದ ಕಣ್ಣೆತ್ತದೆ.

ಬೇಡಪ್ಪ ಗುಂಡಿಯಲ್ಲೇ ಕುಸಿದು ಕೂತ. ಡಾಂಬರು, ಸೀಸ ಒತ್ತಿ ಹಿಡಿದ ಹಲಗೆ ಟಕ್ಕೆನ್ನುವುದಾದರೂ ಹೇಗೆ? ಅಂದು ಇಂಜಿನ್ ಎತ್ತಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಕಿವಿ ಇರುವಾಗ ಪುಲ್ಲಿ ಯಾಕೆ ಎಂದು ಬೀಗಿದವನು ತಾನೇ. ಬಂದರಿನ ಅತಿ ಗಟ್ಟಿ ಬೋಟನ್ನು ಕೊಳೆತದ್ದೆಂದು ಹೇಳಿ ತಮ್ಮನ ಬಾಯಿಂದ ಕಿತ್ತುಕೊಂಡಿದ್ದ. ನಾಚಿಕೆಯಿಂದ ಅವನ ಕಿವಿಯೇ ಬಿಸಿಯಾಯಿತು. ಈಗಲೂ ಒಂದು ಬೇಡ ಅಂದುಬಿಟ್ಟರೆ ಯಾರಿಗೂ ತಿಳಿಯದು. ಹೆಸರೂ ಉಳಿಯುತ್ತದೆ. ತಲೆಯೆತ್ತಿ ನೋಡಿದರೆ ಅಲ್ಲಿ ತಮ್ಮನ ಬಿಳಿ ತಲೆ, ಬಗ್ಗಿದ ಹೆಗಲು. ಇನ್ನೊಮ್ಮೆ ಅವನಿಗೆ ಮೋಸ ಮಾಡಲು ನಾಲಿಗೆ ಹೊರಳಲಿಲ್ಲ.

ಹೊರಗೆ ಬಂದು ಹೇಳಿದ, "ತಗೋ."

ಪಕ್ಕದ ಬೋಟಿನಲ್ಲಿ ಗರಗಸ ಎಳೆಯುತ್ತಿದ್ದ ಬಡಗಿಯ ಕೈ ನಿಂತಿತು. ತಮ್ಮ ತಿರುಗಲಿಲ್ಲ. "ಏನಂದೆ?"

"ತಗೋ ಅಂದೆ. ಒಳಗಿರೋದು ಸೀಸ ಕಣೋ, ಕೊಳೆತ ಮರ ಅಲ್ಲ. ಆವತ್ತೂ ಸೀಸಾನೇ ಇದ್ದದ್ದು. ನಾನೇ ತಪ್ಪು ಹೇಳ್ದೆ. ನಿನ್ನ ಬದುಕು ಹಾಳು ಮಾಡಿಬಿಟ್ಟೆ."

ತಮ್ಮ ತಿರುಗಿದ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಓಡಿಬಂದು ಅಣ್ಣನ ತೋಳು ಹಿಡಿದ. "ನಿನ್ನ ದಮ್ಮಯ್ಯ, ಮೆಲ್ಲಗೆ ಮಾತಾಡು. ಆಯಮ್ಮ ಕೇಳಿಸ್ಕೊಂಡ್ರೆ ನನ್ನ ಹೆಂಡ್ತಿ ಕಿವಿಗೆ ಹಾಕ್ತಾಳೆ."

"ಯಾಕೆ?"

"ನಂಗೆ ಅಲೆ ಕಂಡ್ರೇ ಹೊಟ್ಟೆ ತೊಳಸುತ್ತೆ ಅಣ್ಣ! ಚಿಕ್ಕಂದಿನಿಂದ ಹಾಗೇ. ಆವತ್ತು ಅಪ್ಪ ಬೋಟು ತಗೋ, ಬೋಟು ತಗೋ ಅಂತ ಜೀವ ತಿಂತಿದ್ರು. ನೀನು ಬೇಡ ಅನ್ನೋದು ಗ್ಯಾರಂಟಿ ಅಂತ್ಲೇ ನಿನ್ನ ಕರ್ಕೊಂಡು ಹೋಗಿದ್ದು. ಗ್ಯಾರೇಜ್‌ನಲ್ಲಿ ನಾನು ರಾಜನ ಹಾಗಿದ್ದೆ. ಈಗ ಇವಳು ಬೆನ್ನು ಹತ್ತಿದ್ದಾಳೆ. ನಿನ್ನೇ ನಂಬಿಕೊಂಡು ಬಂದ್ರೆ, ನೀನು ಇವತ್ತೇ ತಗೋ ಅನ್ಬೇಕಾ?"

ಬೇಡಪ್ಪ ಅವನ ಹಿಡಿತದಿಂದ ತೋಳು ಬಿಡಿಸಿಕೊಂಡ. "ಹಾಗಾದ್ರೆ ಮಿಕ್ಕವರು?"

"ತಗೊಳ್ಳೋ ಮನಸ್ಸಿದ್ದೋರು ನೀನು ಬೇಡ ಅಂದ್ರೂ ತಗೊಂಡ್ರಲ್ಲ. ಮನಸ್ಸಿಲ್ದೋರು ನಿನ್ನ ಹೆಸರು ಹೇಳಿ ಮನೇಲಿ ಬಚಾವಾದ್ರು. ನಿನ್ನಿಂದ ಎಷ್ಟು ಸಂಸಾರ ನೆಮ್ಮದಿಯಾಗಿದೆ ಗೊತ್ತಾ?"

ಹಾಗಿದ್ದರೆ ತನ್ನ ಕಿವಿ? ಅದು ಹೇಳಿದ್ದನ್ನು ಯಾರೂ ಕೇಳಿಯೇ ಇರಲಿಲ್ಲ. ಬೇಡಪ್ಪನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ನುಂಗಿಕೊಂಡು ಬೋಟಿನ ಕಡೆ ನೋಡಿದ. ಆವರೆಗೆ ಹಲಗೆ ಹಲಗೆಯಾಗಿ ನೋಡಿದ್ದನೇ ಹೊರತು ಒಂದು ಬೋಟನ್ನು ಇಡಿಯಾಗಿ ಅವನು ನೋಡಿರಲಿಲ್ಲ. ಬಣ್ಣ ಸುಲಿದುಹೋಗಿದ್ದರೂ ಅದು ಕಡಲಿನ ಕಡೆಗೇ ಮೂತಿ ಎತ್ತಿ ನಿಂತಿತ್ತು.

ಅವನು ಕೊಡತಿಯನ್ನು ತಮ್ಮನ ಕೈಗಿಟ್ಟ. "ಬಡಿ."

"ನಂಗೇನು ಗೊತ್ತಾಗುತ್ತೆ?"

"ನಂಗೆ ಮಾತ್ರ ಏನು ಗೊತ್ತಾಗ್ತಿತ್ತು? ಬಡಿದು ಏನಾದ್ರೂ ಒಂದು ಹೇಳು" ಎಂದವನೇ ಗೋಡೆಯ ಹತ್ತಿರ ಹೋಗಿ, ಕೊಳ್ಳುವವನಂತೆ ಬೋಟಿಗೆ ಬೆನ್ನು ಹಾಕಿ ನಿಂತ.

ಗೋಡೆಯ ಸುಣ್ಣದ ಮೇಲೆ ಅಲ್ಲಿ ನಿಂತವರೆಲ್ಲ ಬೆರಳಿನಿಂದ ಕೆರೆದ ಗೀಟುಗಳಿದ್ದವು. ಅವನು ಅವನ್ನು ಅದೇ ಮೊದಲ ಸಲ ಕಂಡ. ಬೆನ್ನ ಹಿಂದೆ ತಮ್ಮ ಮನಬಂದಂತೆ ಬಡಿಯುತ್ತಿದ್ದ. ಒಂದೇಟು ಕಬ್ಬಿಣದ ಚುಕ್ಕಾಣಿಗೂ ಬಿತ್ತು. ಬೇಡಪ್ಪನ ಕಿವಿಗೆ ಒಂದು ಸದ್ದೂ ಇಳಿಯಲಿಲ್ಲ, ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ತಮ್ಮ ಅಕ್ಕರೆಯಿಂದಲೇ ಹೇಳಿದ, "ಬೇಡ ಅಣ್ಣ. ಈ ವಯಸ್ಸಲ್ಲಿ ನಿಂಗ್ಯಾಕೆ ಇದೆಲ್ಲ? ಬೇಡ."

ಬೇಡಪ್ಪನಿಗೆ ಉರಿದುಹೋಯಿತು. ಬೇಡ ಅನ್ನೋಕೆ ಇವನ್ಯಾವನು! ಕೋಪದ ಬೆನ್ನಿಗೇ, ತನ್ನ ಮುಂದೆ ಹೀಗೆ ಉರಿದು ನೆಟ್ಟಗೆ ಹೋಗಿ ಬೋಟು ಕೊಂಡ ಗಂಡಸರ ಮುಖಗಳೆಲ್ಲ ನೆನಪಾದವು. ಕಾಲುಗಳು ಆಗಲೇ ಯಜಮಾನತಿಯ ಕಡೆ ಹೊರಟಿದ್ದವು.

"ಯಜಮಾನ್ತಿ, ಬಲೆ ಸಮೇತ ಈ ಬೋಟು ನಂದು" ಎಂದ.

ಆಮೇಲೆ ತಮ್ಮನ ಕಡೆ ತಿರುಗಿದ. "ಡೀಸೆಲ್ ಇಂಜಿನ್ ಕೂರಿಸೋದು ನಿನ್ನ ಕೆಲಸ. ಅದು ಮುಗಿಯೋಕೆ ತುಂಬಾ ದಿನ ಬೇಕು ಅಂತ ಮನೇಲಿ ನಾನೇ ಹೇಳ್ತೀನಿ. ಕಡಲಿಗೆ ಮಾತ್ರ ನೀನು ಬರೋದು ಬೇಡಪ್ಪ."