ಗಂಗಿಯನ್ನು ಡಾಕ್ಟರರಿಗೆ ತೋರಿಸಲು ಸೋಲಾಪುರಕ್ಕೆ

ಅಕ್ಕಲಕೋಟೆಯ ನಮ್ಮ ಮನೆಯಿಂದ ರೈಲು ಸ್ಟೇಷನ್ ಏಳು ಮೈಲಿ. ಬೆಳಗಿನ ರೈಲು ತಪ್ಪಬಾರದೆಂದು ಅಣ್ಣ ನಸುಕಿನಲ್ಲೇ ಬಂಡಿ ಹೂಡಿದ. ಅಣ್ಣನ ಹೆಂಡತಿ ವೈನಿ, ಅವರ ಆರು ವರ್ಷದ ಮಗಳು ಗಂಗಿ ಮತ್ತು ನಾನು ಹೊರಟೆವು. ಪುಣೆಯಲ್ಲಿ ಓದಿದವಳೆಂದು ಡಾಕ್ಟರರೊಡನೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಕೂತಲ್ಲಿಂದ ಎದ್ದರೆ ಗಂಗಿಯ ಕಾಲುಗಳು ಕಟ್ಟಿಗೆಯಂತೆ ಸೆಟೆಯುತ್ತಿದ್ದವು. ಬೆದರಿದರೆ ನಿಂತಲ್ಲೇ ಉರುಳುತ್ತಿದ್ದಳು. ಆ ಬೇಸಿಗೆಯಲ್ಲಿ ಎರಡು ಸಲ ಒಲೆಯ ಮುಂದೆ ಬಿದ್ದಿದ್ದಳು. ಬಸುರಿಯಿದ್ದಾಗ ವೈನಿ ಗ್ರಹಣದ ಹೊತ್ತಿನಲ್ಲಿ ಈಳಿಗೆ ಮುಟ್ಟಿದ್ದೇ ಇದಕ್ಕೆ ಕಾರಣವೆಂದು ನನ್ನ ಅವ್ವ ತೀರ್ಮಾನಿಸಿದ್ದಳು. ಸೋಲಾಪುರದವರೂ ಕೈಚೆಲ್ಲಿದರೆ ಅಣ್ಣನಿಗೆ ಇನ್ನೊಂದು ಹೆಣ್ಣು ನೋಡುವುದಾಗಿಯೂ ಹೇಳಿದ್ದಳು. ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ರೈಲಿನಲ್ಲಿ ಗಂಗಿಯೊಬ್ಬಳೇ ತಿಂದಳು.

ಸೋಲಾಪುರದಲ್ಲಿ ಟಾಂಗಾದವನು ನಾಲ್ಕಾಣೆ ತೆಗೆದುಕೊಂಡ. ದವಾಖಾನೆಯ ಪಡಸಾಲೆಯಲ್ಲಿ ಒಂದೂವರೆ ತಾಸು ಕಾದೆವು. ಅಷ್ಟು ಹೊತ್ತೂ ವೈನಿ ಮಗಳನ್ನು ಗೋಡೆಯಿಂದ ಗೋಡೆಗೆ ನಡೆಸಿದರು.

"ಡಾಕ್ಟರ ಮುಂದ ನೆಟ್ಟಗ ನಡೀಬೇಕು ನೋಡು."

"ನಡದು ನಡದು ಅರ್ಧಾ ಅಕ್ಕಲಕೋಟಿ ಮುಟ್ಟೀನಿ, ಅವ್ವಾ," ಎಂದಳು ಗಂಗಿ.

ಒಳಗೆ ಆಕೆ ನೆಟ್ಟಗೆ ನಡೆದಳು. ಓಡು ಎಂದರೆ ಓಡಿದಳು. ಡಾಕ್ಟರು ಕನ್ನಡಕ ತೆಗೆದು, "ಇಷ್ಟು ಗಟ್ಟಿ ಹುಡುಗಿನ್ನ ಯಾಕ ತಂದೀರಿ? ಹಾಲು ಕುಡಿಸ್ರಿ, ಸಾಕು," ಎಂದರು. ವೈನಿಯ ಮುಖ ಅರಳಿ, ಮರುಗಳಿಗೆಗೆ ಬಿಳಿಚಿತು. ಮನೆಗೆ ಹೋಗಿ ಏನು ಹೇಳುವುದು?

ಹತ್ತು ಹೆಜ್ಜೆ ನಡೆದ ಮೇಲೆ ಗಂಗಿಯ ಸೆಟೆದ ಕಾಲು ಸಡಿಲಾಗುವುದನ್ನು ನಾನು ಮನೆಯಲ್ಲಿ ಕಂಡಿದ್ದೆ. "ಅರ್ಧಾ ತಾಸು ಸುಮ್ನ ಕೂಡಿಸಿ ನೋಡ್ರಿ," ಎಂದೆ.

ಕೂಡಿಸಿದರು. ಬಳಿಕ ಏಳು ಎಂದಾಗ ಗಂಗಿ ಎದ್ದಳು, ಸೆಟೆದಳು, ಮುಂದಕ್ಕೆ ಬಿದ್ದಳು, ಡಾಕ್ಟರೇ ಹಿಡಿದರು. ಆಮೇಲೆ ಆಕೆಯ ಕೈಯ ಹೆಬ್ಬೆರಳ ಬುಡಕ್ಕೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಮಾಂಸದಲ್ಲಿ ತಗ್ಗು ಬಿತ್ತು. ಬೆರಳು ಒಳಕ್ಕೆ ಮಡಚಿ ಅಲ್ಲೇ ನಿಂತಿತು. ಅದು ಬಿಡುವಷ್ಟರಲ್ಲಿ ನಾನು ಆರರವರೆಗೆ ಎಣಿಸಿದ್ದೆ.

"ಅಪರೂಪದ್ದಿದು," ಎಂದರು ಡಾಕ್ಟರು. "ಹುಟ್ಟಿದಾಗಿಂದನ ಅದ. ಇಕಿ ಸ್ನಾಯು ಹಿಡದದ್ದನ್ನ ಲಗೂ ಬಿಡಂಗಿಲ್ಲ. ಔಷಧ ಇಲ್ರಿ. ಜೀವಕ್ಕ ಅಂಜಬ್ಯಾಡ್ರಿ. ಆದ್ರ ಬಾವಿ ಹತ್ರ, ಒಲಿ ಹತ್ರ ಒಬ್ಬಾಕಿನ್ನ ಬಿಡಬ್ಯಾಡ್ರಿ."

"ನಾ ಗ್ರಹಣದಾಗ..." ಎಂದು ವೈನಿ ಶುರು ಮಾಡಿದರು.

"ಗ್ರಹಣದ್ದಲ್ಲ, ಯವ್ವಾ. ಮನಿತನದ ರಕ್ತದಾಗ ಬರೂದು. ಮುಷ್ಟಿ ಬಿಗಿ ಹಿಡದು ಬಿಡ್ರಿ, ನೋಡೂಣು."

ವೈನಿಯ ಮುಷ್ಟಿ ತಕ್ಷಣ ತೆರೆಯಿತು. ನನ್ನನ್ನು ಡಾಕ್ಟರು ಕೇಳಲಿಲ್ಲ. ನನ್ನ ಎರಡೂ ಕೈ ಸೆರಗಿನೊಳಗಿದ್ದವು.

ಸಂಜೆ ಅಣ್ಣ ಸ್ಟೇಷನ್ನಿಗೆ ಬಂಡಿ ತಂದಿದ್ದ. ರೈಲಿನ ಸಿಳ್ಳಿಗೆ ಎತ್ತುಗಳು ಬೆದರಿದ್ದರಿಂದ ಹಗ್ಗವನ್ನು ಬಿಗಿಯಾಗಿ ಜಗ್ಗಿ ಹಿಡಿದಿದ್ದ. ಮಗಳನ್ನು ಎತ್ತಿಕೊಳ್ಳಲು ಹೋದರೆ ಬಲಗೈ ಹಗ್ಗ ಬಿಡಲೊಲ್ಲದು.

"ಈ ಕೈದು ಮೊದಲಿಂದನೂ ಹಿಂಗ," ಎಂದು ನಕ್ಕ. ಜಿಪುಣನ ಕೈ ಎಂದು ಮನೆಯವರೆಲ್ಲ ಅವನನ್ನು ಚೇಷ್ಟೆ ಮಾಡುತ್ತಲೇ ಬಂದಿದ್ದೆವು.

ವೈನಿ ಆ ಮುಷ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಅತ್ತಿಯವರಿಗೆ ಯಾರು ಹೇಳೋರು?" ಎಂದರು ಮೆಲ್ಲಗೆ.

"ನಾನ ಹೇಳ್ತೀನಿ, ವೈನಿ."

ಹಿಂದೆ ಸ್ಟೇಷನ್ನಿನ ದೀಪ ಸಣ್ಣದಾಗುತ್ತ ಹೋಯಿತು. ಬಂಡಿ ಬಹಳ ಕುಲುಕುತ್ತಿತ್ತು. ಏಳು ಮೈಲಿಯೂ ನಾನು ಅದರ ಗೂಟ ಹಿಡಿಯಲಿಲ್ಲ. ಹಿಡಿದರೆ, ಬಿಡುವಾಗ ಕೈಯನ್ನು ನೋಡಬೇಕಾಗುತ್ತಿತ್ತು.