ಕಾರಣ: ಬಸ್ ಬರಲಿಲ್ಲ

ಗೆಳೆಯರೇ, ಇವತ್ತು ಶಾಲೆಯ ಆಫೀಸಿನಲ್ಲಿ ನಾನೊಂದು ಚೀಟಿಗೆ ಸಹಿ ಹಾಕಲಿಲ್ಲ.

ಈ ವಾರ ಮೂರನೇ ಸಲ ನಮ್ಮ ರೂಟಿನ ಸ್ಕೂಲ್ ಬಸ್ ಕ್ಯಾನ್ಸಲ್. ಇವತ್ತೇ ಲೆನಾಪೆ ಎಂಬ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರು ಶಾಲೆಗೆ ಬರುವವರಿದ್ದರು. ಈ ನ್ಯೂಜೆರ್ಸಿ ಮೊದಲು ಅವರ ಜನರದ್ದು. ಆ ನೆಲವನ್ನು ಅವರಿಂದ ಕಿತ್ತುಕೊಂಡಿದ್ದನ್ನು ಶಾಲೆ ಒಪ್ಪಿಕೊಳ್ಳುವ ಸಭೆ. ಅವರದೇ ಭಾಷೆಯಲ್ಲಿ ಸ್ವಾಗತ ಹೇಳಬೇಕಾದವಳು ಎರಡನೇ ಕ್ಲಾಸಿನ ನನ್ನ ಮಗಳು ಅನಘಾ. ನಾಲ್ಕೇ ಪದ. ನಿದ್ದೆಯಲ್ಲೂ ಹೇಳುತ್ತಿದ್ದಳು, ನಿದ್ದೆ ಬಾರದ ನಾನು ಅಷ್ಟನ್ನೂ ಕೇಳಿಸಿಕೊಂಡಿದ್ದೇನೆ.

ಕಾರಿನಲ್ಲಿ ಕರೆದೊಯ್ದರೂ ಇಪ್ಪತ್ತು ನಿಮಿಷ ತಡ. ಕೌಂಟರಿನಾಕೆ ಕೊಟ್ಟ ಚೀಟಿಯಲ್ಲಿ ಆಗಲೇ ಟಿಕ್ ಬಿದ್ದಿತ್ತು: 'ಪೋಷಕರಿಂದ ತಡ'.

"ಬಸ್ಸೇ ಬರಲಿಲ್ವಲ್ಲ?" ಎಂದೆ.

"ಬಸ್ ಲೇಟಾದ್ರೆ ಬಾಕ್ಸ್ ಇದೆ. ಬರದೇ ಇದ್ರೆ ಬಾಕ್ಸ್ ಇಲ್ಲ. ಸುಮ್ನೆ ಸೈನ್ ಮಾಡಿ, ಆಮೇಲೇ ಮಗು ಒಳಗೆ ಹೋಗೋದು."

ಅನಘಾಳ ಕಣ್ಣು ತುಂಬಿತ್ತು. "ಅಮ್ಮಾ, ಜಸ್ಟ್ ಸೈನ್ ಇಟ್, ಪ್ಲೀಸ್!"

"ಆಗಿದ್ದನ್ನ ಆದ ಹಾಗೇ ಒಪ್ಕೋತೀವಿ ಅಂತ ಸಭೆ ಇಟ್ಕೊಂಡು, ನನ್ನ ಕೈಲಿ ಸುಳ್ಳಿಗೆ ಸೈನ್ ಹಾಕಿಸ್ತೀರಾ?" ಎಂದೆ. ಆ ಟಿಕ್ಕಿನ ಮೇಲೆ ಗೀಟೆಳೆದು, 'ಬಸ್ ಬರಲಿಲ್ಲ' ಎಂದು ಬರೆದು ಚೀಟಿ ವಾಪಸ್ ಕೊಟ್ಟೆ.

ಹಿಂದಿನಿಂದ ಯಾರೋ ನಕ್ಕರು. ಸಂದರ್ಶಕರ ಸಾಲಿನಲ್ಲಿ ಐಡಿ ಕಾರ್ಡ್ ಹಿಡಿದು ನಿಂತಿದ್ದ ಅಜ್ಜಿ. ಇವತ್ತಿನ ಅತಿಥಿ ಅವರೇ!

"ನನ್ನನ್ನೂ ಇನ್ನೂ ಒಳಗೆ ಬಿಟ್ಟಿಲ್ಲ, ಮಗೂ," ಎಂದು ಅನಘಾಳಿಗೆ ಕಣ್ಣು ಮಿಟುಕಿಸಿದರು.

ಅನಘಾ ಕಣ್ಣೊರೆಸಿಕೊಂಡು ನಾಲ್ಕೂ ಪದಗಳನ್ನು ಅಲ್ಲೇ ಹೇಳಿದಳು. ಅಜ್ಜಿ ಬಗ್ಗಿ ಅವಳ ಕೈ ಹಿಡಿದುಕೊಂಡರು. ಸಭೆಗಿಂತ ಮೊದಲೇ ಕೌಂಟರಿನಲ್ಲಿ ಸ್ವಾಗತ ಮುಗಿಯಿತು.

ಅವಳು ನಾಲ್ಕು ಪದ ಕಲಿತಳು. ನನಗೆ ಎರಡೇ ಸಾಕು. ನಾಳೆ ಬಸ್ ಬರದಿದ್ದರೂ ಅದನ್ನೇ ಬರೆಯುತ್ತೇನೆ. ಬಾಕ್ಸ್ ಅವರು ಮಾಡಿಕೊಳ್ಳಲಿ.